ಬೆಳಕು ಹಾಯುವ ಪೆನ್ನಿಗೆ ಒಳಬಣ್ಣ: ತಪ್ಪು ಕಲ್ಪನೆ ಮತ್ತು ವಾಸ್ತವ

ಲೇತಿನಲ್ಲಿ ಪೆನ್ನು ಕಡೆಯುವ ಹವ್ಯಾಸಿಗಳ ಕಣ್ಣು ಮೊದಲು ಹೋಗುವುದು ಹೊಳೆಯುವ ರೆಸಿನ್ ಬ್ಲ್ಯಾಂಕುಗಳ ಕಡೆಗೆ. ಈ ಉದ್ದನೆಯ ತುಂಡಿನ ನಡುವೆ ರಂಧ್ರ ಕೊರೆದು, ಹಿತ್ತಾಳೆಯ ಕೊಳವೆ ಅಂಟಿಸಿ, ಆಮೇಲೆ ಹೊರಮೈ ಕಡೆಯುತ್ತಾರೆ. ಬ್ಲ್ಯಾಂಕ್ ಮರದ್ದಾದರೆ ಒಳಗೇನಿದೆ ಎಂದು ಯಾರಿಗೂ ಕಾಣುವುದಿಲ್ಲ. ಬೆಳಕು ಹಾಯುವ ರೆಸಿನ್ ಆದರೆ ಕೊಳವೆ, ಅಂಟು, ಅಂಟಿನ ಗುಳ್ಳೆ ಎಲ್ಲವೂ ಹೊರಗೆ ಕಾಣುತ್ತವೆ. ಹಾಗಾಗಿ ಒಳಗೆ ಬಣ್ಣ ಬಳಿಯಬೇಕಾಗುತ್ತದೆ. ಯಾವ ಬಣ್ಣ ಎಂಬುದನ್ನು ಕೊನೆಯ ಗಳಿಗೆಗೆ ಬಿಟ್ಟು ಚೆಂದದ ಬ್ಲ್ಯಾಂಕುಗಳನ್ನು ಕೆಡಿಸಿಕೊಳ್ಳುವವರು ಬಹಳ. ಅದಕ್ಕೆ ಕಾರಣವಾಗುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಬ್ಲ್ಯಾಂಕಿನ ಬಣ್ಣ ಗಾಢವಾಗಿದ್ದರೆ ಒಳಬಣ್ಣ ಬೇಕಿಲ್ಲ.

ವಾಸ್ತವ: ಅಂಗಡಿಯಿಂದ ತಂದಾಗ ಬ್ಲ್ಯಾಂಕ್ ಸುಮಾರು 19 ಮಿಲಿಮೀಟರ್ ದಪ್ಪವಿರುತ್ತದೆ. ಅಷ್ಟು ದಪ್ಪದಲ್ಲಿ ಯಾವ ಬಣ್ಣವೂ ಗಾಢವಾಗಿಯೇ ಕಾಣುತ್ತದೆ. 7 ಮಿಲಿಮೀಟರ್ ಕೊಳವೆಯ ಸಪೂರ ಪೆನ್ನನ್ನೇ ತೆಗೆದುಕೊಳ್ಳಿ. ಕಡೆದು ಮುಗಿಸಿದಾಗ ತುದಿಗಳಲ್ಲಿ ಕೊಳವೆಯ ಮೇಲೆ ಉಳಿಯುವ ರೆಸಿನ್ ಒಂದು ಮಿಲಿಮೀಟರಿಗೂ ಕಡಿಮೆ. ಆಗ ಹಿತ್ತಾಳೆಯ ಹಳದಿ ಹೊರಗೆ ಇಣುಕುತ್ತದೆ, ನೀಲಿ ರೆಸಿನ್ ಮಾಸಲು ಹಸಿರಿನ ಕಡೆಗೆ ಹೊರಳುತ್ತದೆ.

ತಪ್ಪು ಕಲ್ಪನೆ 2: ಬಿಳಿ ಹಚ್ಚಿದರೆ ತಿಳಿಯಾಗುತ್ತದೆ, ಕಪ್ಪು ಹಚ್ಚಿದರೆ ಗಾಢವಾಗುತ್ತದೆ, ಅಷ್ಟೇ.

ವಾಸ್ತವ: ಇಲ್ಲಿ ಬೆಳಕು ಸಾಗುವ ದಾರಿಯನ್ನು ಅರ್ಥ ಮಾಡಿಕೊಳ್ಳಬೇಕು. ಚನ್ನಪಟ್ಟಣದ ಗೊಂಬೆಯಲ್ಲಿ ಬಣ್ಣ ಮೇಲ್ಮೈಯದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ, ಕಣ್ಣು ಅಲ್ಲಿಗೇ ನಿಲ್ಲುತ್ತದೆ. ಬೆಳಕು ಹಾಯುವ ರೆಸಿನ್ನಿನಲ್ಲಾದರೆ ಬೆಳಕು ಒಳಹೊಕ್ಕು, ಹಿಂದಿನ ಬಣ್ಣಕ್ಕೆ ತಾಗಿ, ಮತ್ತೊಮ್ಮೆ ರೆಸಿನ್ ದಾಟಿ ಹೊರಬರುತ್ತದೆ.

ಹಿಂದೆ ಬಿಳಿ ಇದ್ದರೆ ಹೆಚ್ಚುಕಡಿಮೆ ಎಲ್ಲ ಬೆಳಕೂ ಮರಳುತ್ತದೆ, ರೆಸಿನ್ನಿನ ಸ್ವಂತ ಬಣ್ಣ ಸ್ವಚ್ಛವಾಗಿ ಎದ್ದು ಕಾಣುತ್ತದೆ. ಕಪ್ಪು ಇದ್ದರೆ ಬೆಳಕು ಅಲ್ಲೇ ಇಂಗಿಹೋಗುತ್ತದೆ. ಆದ್ದರಿಂದ ಬರೀ ಬಣ್ಣದ ನೀರಿನಂತೆ ತಿಳಿಯಾದ ಕೆಂಪು ರೆಸಿನ್ ಹಿಂದೆ ಕಪ್ಪು ಹಚ್ಚಿದರೆ ಸಿಗುವುದು ಕರಿ ಪೆನ್ನು. ಮುತ್ತಿನ ಹೊಳಪಿನ ಪುಡಿ ಬೆರೆಸಿದ ರೆಸಿನ್ನಿನ ಕಥೆಯೇ ಬೇರೆ. ಅದರೊಳಗಿನ ಕಣಗಳು ತಾವೇ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವುದರಿಂದ ಕಪ್ಪಿನ ಮುಂದೆ ಅವುಗಳ ಸುರುಳಿಗಳು ಮಿಂಚುತ್ತವೆ, ಬಿಳಿಯ ಮುಂದೆ ಮಂಕಾಗುತ್ತವೆ. ಅಂದರೆ ಮೊದಲು ನೋಡಬೇಕಾದದ್ದು ಬ್ಲ್ಯಾಂಕ್ ಯಾವ ಜಾತಿಯದು ಎಂಬುದನ್ನು.

ತಪ್ಪು ಕಲ್ಪನೆ 3: ಬೇರೆ ಬಣ್ಣ ಹಚ್ಚಿದರೆ ಎರಡೂ ಬಣ್ಣ ಕಾಣುತ್ತವೆ.

ವಾಸ್ತವ: ಎರಡೂ ಸೇರಿ ಮೂರನೆಯದು ಕಾಣುತ್ತದೆ. ರೆಸಿನ್ ಬೆಳಕಿನ ಒಂದು ಪಾಲನ್ನು ಹೀರುತ್ತದೆ, ಹಿಂದಿನ ಬಣ್ಣ ಉಳಿದದ್ದರಲ್ಲಿ ಇನ್ನೊಂದು ಪಾಲನ್ನು. ನೀಲಿಯ ಹಿಂದೆ ಹಳದಿ ಇಟ್ಟರೆ ಹಸಿರು, ಕೆಂಪಿನ ಹಿಂದೆ ಹಸಿರು ಇಟ್ಟರೆ ಕೆಸರಿನಂಥ ಕಂದು. ಬ್ಲ್ಯಾಂಕಿನದೇ ಬಣ್ಣವನ್ನು ಹಿಂದೆಯೂ ಬಳಿಯುವುದು ವ್ಯರ್ಥ ಎನ್ನುವವರಿದ್ದಾರೆ. ನಿಜಕ್ಕೂ ಅದರಿಂದ ದೊಡ್ಡ ಲಾಭವಿದೆ: ಪೆನ್ನಿನ ನಡುಭಾಗ ಉಬ್ಬಿ ತುದಿಗಳು ತೆಳುವಾದರೂ ಬಣ್ಣ ಎಲ್ಲ ಕಡೆ ಒಂದೇ ಹದದಲ್ಲಿ ಕಾಣುತ್ತದೆ.

ತಪ್ಪು ಕಲ್ಪನೆ 4: ಕೊಳವೆಗೆ ಬಣ್ಣ ಹಚ್ಚಿದರೆ ಕೆಲಸ ಮುಗಿಯಿತು.

ವಾಸ್ತವ: ಕೊಳವೆಗೂ ರೆಸಿನ್ನಿಗೂ ನಡುವೆ ಅಂಟಿನ ಪದರವಿದೆ. ಅಂಟು ತಲುಪದ ಜಾಗ, ಗಾಳಿಯ ಗುಳ್ಳೆ, ಕೊಳವೆ ತೂರಿಸುವಾಗ ಕೆರೆದುಹೋದ ಗೆರೆ ಎಲ್ಲವೂ ಬಣ್ಣದ ಮುಂದೆಯೇ ಕಾಣುತ್ತವೆ. ರಂಧ್ರದ ಒಳಗೋಡೆಗೆ ಬಣ್ಣ ಹಚ್ಚಿದರೆ ಬಣ್ಣವೇ ರೆಸಿನ್ನಿಗೆ ಅಂಟಿ ಕೂರುತ್ತದೆ, ಅಂಟು ಅದರ ಹಿಂದೆ ಮರೆಯಾಗುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ತೆಳುವಾಗಿ ಎರಡು ಕೈ ಬಳಿಯಿರಿ, ಕೊಳವೆಯ ಹೊರಮೈಗೂ ಅದೇ ಬಣ್ಣ ಕೊಡಿ. ಬಣ್ಣದ ಪದರದಿಂದ ರಂಧ್ರ ಬಿಗಿಯಾಗುವುದರಿಂದ ಡ್ರಿಲ್ ಬಿಟ್ಟನ್ನು ಒಂದು ಕೂದಲೆಳೆ ದೊಡ್ಡದಾಗಿಯೇ ಆರಿಸಿ. ಕೊಳವೆಯ ಒಳಗೆ ಬಣ್ಣ ಹೋಗಬಾರದು. ಹೋದರೆ ಪೆನ್ನಿನ ಬಿಡಿಭಾಗಗಳು ಒಳಗೆ ಸರಿಯಾಗಿ ಕೂರುವುದಿಲ್ಲ.

ತಪ್ಪು ಕಲ್ಪನೆ 5: ಯಾವ ಪೇಂಟ್, ಯಾವ ಅಂಟು ಆದರೂ ನಡೆಯುತ್ತದೆ.

ವಾಸ್ತವ: ಥಿನ್ನರ್ ಬೆರೆತ ಪೇಂಟ್ ಅಕ್ರಿಲಿಕ್ ಬ್ಲ್ಯಾಂಕಿಗೆ ತಾಗಿದರೆ ಒಳಗೋಡೆಯಲ್ಲಿ ಸಣ್ಣ ಬಿರುಕುಗಳ ಬಲೆ ಮೂಡಬಹುದು. ನೀರಿನಲ್ಲಿ ತೆಳುಮಾಡುವ ಅಕ್ರಿಲಿಕ್ ಪೇಂಟ್ ಸುರಕ್ಷಿತ. ರಂಧ್ರದೊಳಗೆ ಗಾಳಿಯಾಡುವುದು ಕಡಿಮೆ, ತುದಿ ಒಣಗಿದಾಗ ನಡುಭಾಗ ಹಸಿಯಾಗಿಯೇ ಇರುತ್ತದೆ. ಒಂದು ದಿನವಾದರೂ ಬಿಡಿ. ಅಂಟಿಗೆ ಎಪಾಕ್ಸಿ ಒಳ್ಳೆಯದು. ಕೊಳವೆಯನ್ನು ತಿರುಗಿಸುತ್ತ ನಿಧಾನವಾಗಿ ತೂರಿಸಲು ಅದು ಸಮಯ ಕೊಡುತ್ತದೆ. ಸೂಪರ್ ಗ್ಲೂ ಅರ್ಧ ದಾರಿಯಲ್ಲೇ ಕಚ್ಚಿಕೊಳ್ಳಬಹುದು. ನೊರೆ ಬರುವ ಪಾಲಿಯುರೆಥೇನ್ ಅಂಟು ಇಲ್ಲಿ ಬೇಡವೇ ಬೇಡ.

ತಪ್ಪು ಕಲ್ಪನೆ 6: ಡಬ್ಬಿಯ ಮುಚ್ಚಳದ ಬಣ್ಣ ನೋಡಿ ಆರಿಸಬಹುದು.

ವಾಸ್ತವ: ಬಣ್ಣವನ್ನು ಆರಿಸಬೇಕಾದದ್ದು ರೆಸಿನ್ ಮೂಲಕ ನೋಡಿ, ಅದೂ ಕೊನೆಗೆ ಉಳಿಯುವ ದಪ್ಪದಲ್ಲಿ. ಬ್ಲ್ಯಾಂಕನ್ನು ಅಳತೆಗೆ ಕತ್ತರಿಸಿದಾಗ ಉಳಿಯುವ ಚೂರನ್ನು ಎಸೆಯಬೇಡಿ. ಅದೇ ಬಿಟ್ಟಿನಿಂದ ಅದನ್ನು ಕೊರೆದು, ಹೊರಮೈಯನ್ನು ಪೆನ್ನಿನಷ್ಟೇ ತೆಳುವಾಗುವವರೆಗೆ ಉಜ್ಜಿ. ಬಿಳಿ, ಕಪ್ಪು, ಬೆಳ್ಳಿ, ಬ್ಲ್ಯಾಂಕಿನದೇ ಬಣ್ಣ ಹೀಗೆ ನಾಲ್ಕು ಕಾಗದದ ಚೂರುಗಳಿಗೆ ಪೇಂಟ್ ಬಳಿದು ಒಣಗಿಸಿ, ಸುರುಳಿ ಸುತ್ತಿ ಒಂದೊಂದಾಗಿ ರಂಧ್ರಕ್ಕೆ ತೂರಿಸಿ. ಒಳಗೂ ಹೊರಗೂ ಒಂದೊಂದು ಹನಿ ನೀರು ಹಾಕಿದರೆ ಡ್ರಿಲ್ಲಿನ ಗೀರು, ಉಜ್ಜಿದ ಮಸುಕು ಮಾಯವಾಗಿ ಪಾಲಿಶ್ ಆದ ಮೇಲೆ ಕಾಣುವ ಬಣ್ಣವೇ ಕಾಣುತ್ತದೆ. ಕಿಟಕಿಯ ಬೆಳಕಿನಲ್ಲೊಮ್ಮೆ, ರಾತ್ರಿ ದೀಪದಡಿ ಒಮ್ಮೆ ನೋಡಿ. ಎರಡರಲ್ಲೂ ಮನಸ್ಸಿಗೆ ಹಿಡಿಸಿದ ಬಣ್ಣವೇ ಸರಿಯಾದ ಬಣ್ಣ. ಕೊಳವೆ ಅಂಟಿಸಿದ ಮೇಲೆ ಅದನ್ನು ಬದಲಿಸಲು ದಾರಿಯಿಲ್ಲ. ಆದ್ದರಿಂದ ಈ ಪರೀಕ್ಷೆಗೆ ಕೊಡುವ ಅರ್ಧ ಗಂಟೆ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಅರ್ಧ ಗಂಟೆ.