ಅಜ್ಜನ ಹೆಸರು ಯಾವ ದಫ್ತರದಲ್ಲಿದೆ?

ಪುಣೆಯ ಗುಲ್ಟೆಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಮೂಟೆ ಹೊರುವವರು, ಕಾಯಿಪಲ್ಲೆ ಮಾರುವವರ ನಡುವೆ ಕಲಬುರಗಿ, ವಿಜಯಪುರ, ಬೀದರ್ ಕಡೆಯ ಮನೆತನಗಳೂ ಇವೆ. 1972ರ ಬರಗಾಲದಲ್ಲಿ ಊರು ಬಿಟ್ಟು ಬಂದವರ ಮೊಮ್ಮಕ್ಕಳು ಈಗ ಕಾಲೇಜು ಸೇರುವ ಹೊತ್ತಿಗೆ ಜಾತಿ ಪ್ರಮಾಣಪತ್ರಕ್ಕಾಗಿ ವಂಶಾವಳಿ ಹುಡುಕಬೇಕಾಗಿದೆ.

ಮಹಾರಾಷ್ಟ್ರದ ನಿಯಮ ಕಟ್ಟುನಿಟ್ಟು. ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10, ವಿಮುಕ್ತ ಮತ್ತು ಅಲೆಮಾರಿಗಳು 1961ರ ನವೆಂಬರ್ 21, ಒಬಿಸಿಯವರು 1967ರ ಅಕ್ಟೋಬರ್ 13ಕ್ಕೂ ಮೊದಲೇ ತಮ್ಮ ಮನೆತನ ಈ ರಾಜ್ಯದಲ್ಲಿತ್ತೆಂದು ತೋರಿಸಬೇಕು. ಬರಗಾಲದಲ್ಲಿ ಬಂದವರಿಗೆ ಮೂರೂ ದಿನಾಂಕ ದಾಟಿ ಹೋಗಿವೆ. ಪ್ರಮಾಣಪತ್ರಕ್ಕೆ ಅಜ್ಜನ ಊರಿಗೇ ಹೋಗಬೇಕು.

ಜನಗಣತಿ ಸಿಗದು

ಅಮೆರಿಕದಲ್ಲಿ ವಂಶ ಹುಡುಕುವವರು ಮೊದಲು ತೆರೆಯುವುದೇ ಜನಗಣತಿಯ ಪುಟ. 1790ರ ಮೊದಲ ಗಣತಿಯಲ್ಲಿ ಮನೆ ಯಜಮಾನನ ಹೆಸರಷ್ಟೇ ಇತ್ತು. 1850ರಿಂದ ಮನೆಯ ಸ್ವತಂತ್ರರೆಲ್ಲರ ಹೆಸರೂ ಬಂತು, ಗುಲಾಮರದು ಬರಲಿಲ್ಲ. 72 ವರ್ಷ ಕಳೆದ ಮೇಲೆ ಪುಟಗಳನ್ನು ಜನರಿಗೆ ಬಿಟ್ಟುಕೊಡುತ್ತಾರೆ. 1950ರದು 2022ರಲ್ಲಿ ತೆರೆಯಿತು. ಜೊತೆಗೆ ಮೃತ್ಯುಪತ್ರಗಳು: ಹೆಂಡತಿ ಯಾರು, ಮಕ್ಕಳೆಷ್ಟು, ಯಾರಿಗೆ ಏನು ಸೇರಿತು ಎಂಬುದೆಲ್ಲ ಅಲ್ಲಿ ಸಿಗುತ್ತದೆ.

ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ವ್ಯಕ್ತಿಯ ವಿವರವನ್ನು ಗುಟ್ಟಾಗಿಡುತ್ತದೆ. ಕೋರ್ಟಿನಲ್ಲೂ ಅದು ಸಾಕ್ಷಿಗೆ ಬಾರದು. ಹಮಾಲರ ಮನೆಯಲ್ಲಿ ಮೃತ್ಯುಪತ್ರವಂತೂ ಅಪರೂಪ. ಉಳಿಯುವುದು ಶಾಲೆ ಮತ್ತು ಕಂದಾಯದ ಕಾಗದ. ಅಪ್ಪನ ಶಾಲೆ ಬಿಟ್ಟ ದಾಖಲೆಯಲ್ಲಿ ಹುಟ್ಟೂರು, ಜಾತಿ ಎರಡೂ ಇರುತ್ತವೆ. ಅಲ್ಲಿಂದ ಊರಿನ ಶಾಲೆಯ ದಾಖಲಾತಿ ರಿಜಿಸ್ಟರು, ಆಮೇಲೆ ಹೊಲದ ಉತಾರ.

ಜಮೀನಿದ್ದ ಮನೆಯಾದರೆ ಪೌತಿ ಖಾತೆಯೇ ಮೃತ್ಯುಪತ್ರದ ಕೆಲಸ ಮಾಡುತ್ತದೆ. ಯಜಮಾನ ತೀರಿಕೊಂಡಾಗ ವಾರಸುದಾರರನ್ನು ಅದರಲ್ಲಿ ಸಾಲಾಗಿ ಬರೆಯುತ್ತಾರೆ. ಬೇರೆಲ್ಲೂ ಕಾಣದ ಅಜ್ಜಿಯ ಹೆಸರು ಹಲವು ಬಾರಿ ಅಲ್ಲೇ ಮೊದಲು ಸಿಗುತ್ತದೆ. ಆದರೆ ಓದುವವರು ಬೇಕು. ಕಲಬುರಗಿ, ಬೀದರ್ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು, ಹಳೆಯ ಕಂದಾಯ ಕಾಗದ ಉರ್ದುವಿನಲ್ಲಿವೆ. ಮುಂಬೈ ಪ್ರಾಂತ್ಯದ ವಿಜಯಪುರದಲ್ಲಿ ಮೋಡಿ ಲಿಪಿಯ ಕಾಗದಗಳೂ ಎದುರಾಗುತ್ತವೆ.

ಹೊಲವಿಲ್ಲದವರ ಗತಿ

ಹೊಲವೂ ಇಲ್ಲ, ಶಾಲೆಗೂ ಹೋಗಿಲ್ಲ ಎಂದರೆ ದಫ್ತರದಲ್ಲಿ ಹೆಸರು ಸಿಗುವುದು ಕಷ್ಟ. ಯಾರ್ಡ್‌ನ ಹಮಾಲರಿಗೆ ಬಾಬಾ ಆಢಾವ್ ಕಟ್ಟಿದ ಹಮಾಲ್ ಪಂಚಾಯತ್ ಮತ್ತು 1969ರ ಮಾಥಾಡಿ ಕಾಯ್ದೆಯಿಂದ ನೋಂದಣಿ, ಪಿಎಫ್ ಸಿಕ್ಕವು. ಪಿಎಫ್‌ಗೆ ನಾಮಿನಿ ಬರೆಸಿದ ಫಾರಂ ಎಷ್ಟೋ ಹಮಾಲರ ಪಾಲಿಗೆ ಮೃತ್ಯುಪತ್ರಕ್ಕೆ ಹತ್ತಿರದ ಕಾಗದ. ಅದಕ್ಕಿಂತ ಹಿಂದಿನ ತಲೆಮಾರು ಬೇಕೆಂದರೆ ಹೆಳವರನ್ನು ಕೇಳಬೇಕು.

ಸುಗ್ಗಿ ಮುಗಿದ ಮೇಲೆ ಎತ್ತು, ಬಂಡಿಯೊಂದಿಗೆ ಊರೂರು ಸುತ್ತುವ ಹೆಳವರು ತಮಗೆ ಸೇರಿದ ಒಕ್ಕಲಿನ ಮೂಲ ಊರು, ಬೆಡಗು, ಯಾರು ಯಾರ ಮಗ, ಎಲ್ಲಿಂದ ಎಲ್ಲಿಗೆ ಗುಳೆ ಹೋದರು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಕಾಳು, ಬಟ್ಟೆ, ದುಡ್ಡು ಪಡೆಯುತ್ತಾರೆ. ಹಿಂದೆ ತಾಮ್ರಪಟ, ಈಗ ದಪ್ಪ ಪುಸ್ತಕ.

ಹೆಳವರ ಮಾತೊಂದನ್ನೇ ನಂಬಿ ಯಾವ ಕಚೇರಿಯೂ ಪ್ರಮಾಣಪತ್ರ ಕೊಡದು. ಆದರೆ ಯಾವ ತಾಲ್ಲೂಕಿನ ಯಾವ ಹಳ್ಳಿಯ ಉತಾರ ತೆಗೆಸಬೇಕು ಎಂಬುದು ಅವರಿಂದ ತಿಳಿದೀತು. ತಹಶೀಲ್ದಾರ್ ಕಚೇರಿಗೆ ಅಲೆಯುವ ಮೊದಲು ಊರಿಗೊಂದು ಫೋನ್ ಮಾಡಿ, ನಮ್ಮ ಹೆಳವರು ಈ ವರ್ಷ ಬಂದಿದ್ದರೇ ಎಂದು ಕೇಳುವುದು ಲೇಸು.