ಕರಿಯ ತಂತಿಯ ಗುಟ್ಟು

ಟ್ರಂಕ್ ಕಾಲ್‌ಗಾಗಿ ಗಂಟೆಗಟ್ಟಲೆ ಕಾದು ಕುಳಿತ ದಿನಗಳು ನಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಇಂದು ಬೆರಳು ತಾಗಿಸಿದೊಡನೆ ಊರಿನಲ್ಲಿರುವ ಅಮ್ಮನ ಮುಖವೇ ಕಣ್ಣೆದುರು ಮೂಡುತ್ತದೆ. ಬಾಲ್ಕನಿಯ ಸರಳಿಗೆ ಸುತ್ತಿದ ತೆಳ್ಳನೆಯ ತಂತಿಯೊಂದು ಆ ಮುಖವನ್ನು ಮನೆಯೊಳಗೆ ತರುತ್ತದೆಂಬುದು ನೆನಪಾಗುವುದು ಅದು ಕೆಟ್ಟಾಗಲೇ!

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ತಂತಿ ಹಾಕಲು ಬಂದವನು ಮನೆಯೊಳಗೆ ಬಳಸುವ ಬಿಳಿಯ ತಂತಿಯನ್ನೇ ಹೊರಗೂ ಎಳೆದ. ನೋಡಲು ಚೆಂದವೆಂದು ನಾವೂ ಸುಮ್ಮನಿದ್ದೆವು. ಎರಡು ಬೇಸಗೆ ಕಳೆಯುವಷ್ಟರಲ್ಲಿ ಹೊದಿಕೆ ಹಪ್ಪಳದಂತೆ ಬಿರಿಯಿತು. ಮಳೆಗಾಲದ ಮೊದಲ ಗಾಳಿಗೆ ಒಳಗಿನ ಗಾಜಿನ ಎಳೆ ತುಂಡಾಯಿತು. ಅಮ್ಮನ ಮಾತು ಅರ್ಧದಲ್ಲೇ ನಿಂತಿತು.

ಇದು ಬಿಸಿಲಿನ ಕೆಲಸ. ಸೂರ್ಯರಶ್ಮಿಯಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಪ್ಲಾಸ್ಟಿಕ್ಕಿನ ಅಣುಗಳೆಂದರೆ ಉದ್ದನೆಯ ಸರಪಳಿಗಳು. ಈ ಕಿರಣಗಳೂ ಗಾಳಿಯ ಆಮ್ಲಜನಕವೂ ಕೂಡಿ ಆ ಸರಪಳಿಗಳನ್ನು ಕಡಿದುಹಾಕುತ್ತವೆ.

ಇದಕ್ಕೆ ಮದ್ದು ನಮ್ಮ ಕಾಡಿಗೆಯ ಬಂಧುವೇ! ಹೊರಗೆ ಎಳೆಯುವ ತಂತಿಗಳಿಗೆ ಹೆಚ್ಚಾಗಿ ಪಾಲಿಎಥಿಲೀನ್ ಹೊದಿಕೆ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ದೊರೆತ ವಸ್ತುವಿದು. ಇದಕ್ಕೆ ನೂರಕ್ಕೆ 2ರಿಂದ 2.5 ಪಾಲು ಇಂಗಾಲದ ಮಸಿಯನ್ನು ನುಣ್ಣಗೆ ಬೆರೆಸುತ್ತಾರೆ. ಮಸಿಯು ಕಿರಣಗಳನ್ನು ತಾನೇ ನುಂಗಿ ಶಾಖವಾಗಿಸಿಬಿಡುತ್ತದೆ. ಹೊರಗಿನ ತಂತಿ ಕಪ್ಪಗಿರುವುದರ ಗುಟ್ಟು ಇದೇ.

ಬಿಸಿಲಿಗಿಂತ ಪ್ರಬಲವಾದ ವಿಕಿರಣವಿರುವಲ್ಲಿ ಮಸಿಯ ಹೊದಿಕೆ ಸಾಲದು. ಗಾಮಾ ಕಿರಣಗಳು ಹೊದಿಕೆಯನ್ನು ದಾಟಿ ಗಾಜಿನ ಎಳೆಗೇ ಮಬ್ಬು ಕವಿಸುತ್ತವೆ. ಸಾಗುವ ಬೆಳಕು ಕುಂದುತ್ತದೆ. ಜಿನೀವಾ ಬಳಿಯ ಸರ್ನ್ ಸಂಸ್ಥೆಯ 27 ಕಿಲೋಮೀಟರ್ ಸುತ್ತಳತೆಯ ಕಣಯಂತ್ರದಲ್ಲಿ ಇದಕ್ಕಾಗಿ ಫ್ಲೋರಿನ್ ಬೆರೆತ ಗಾಜಿನ ಎಳೆಗಳನ್ನು ಬಳಸಿದ್ದಾರೆ. ರಂಜಕ ಬೆರೆತ ಎಳೆ ಮಾತ್ರ ಬಲುಬೇಗ ಮಬ್ಬಾಗುತ್ತದೆ. ಜಾಣರು ಆ ದೌರ್ಬಲ್ಯವನ್ನೇ ವಿಕಿರಣದ ಅಳತೆಗೋಲಾಗಿ ಮಾಡಿಕೊಂಡಿದ್ದಾರೆ!

ಅಷ್ಟು ದೊಡ್ಡ ಏರ್ಪಾಡು ನಮ್ಮ ಮನೆಗಳಿಗೆ ಬೇಕಿಲ್ಲ. ತಂತಿ ಹಾಕಿಸುವಾಗ, ‘ಇದು ಹೊರಗಿನ ಬಿಸಿಲಿಗೆಂದೇ ತಯಾರಾದದ್ದೇ?’ ಎಂದು ಕೇಳಿದರೆ ಸಾಕು. ಹಳೆಯ ತಂತಿಯಾದರೆ ಕೊಳವೆಯೊಳಗೆ ಹಾಯಿಸಿರಿ. ಮಳೆಗೆ ಮುನ್ನ ಒಮ್ಮೆ ಕಣ್ಣಾಡಿಸಿರಿ.

ಮಗುವಿಗೆ ದೃಷ್ಟಿ ತಾಗದಿರಲೆಂದು ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟವರು ನಮ್ಮ ತಾಯಂದಿರು. ಅವರ ದನಿಯನ್ನು ನಮಗೆ ತಲಪಿಸುವ ತಂತಿಗೂ ಆ ಕರಿಯ ರಕ್ಷೆ ಇರಲಿ.