ನಂದಗುಡಿಯಲ್ಲಿ ಎರಡು ಬೀರು, ಒಂದು ಲ್ಯಾಪ್‌ಟಾಪ್

ಹೊಸಕೋಟೆ ದಾಟಿ ಚಿಂತಾಮಣಿ ರಸ್ತೆ ಹಿಡಿದರೆ ಗೋದಾಮುಗಳ ಸಾಲು ತೆಳುವಾಗುತ್ತ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು ಕಣ್ಣಿಗೆ ಬೀಳತೊಡಗುತ್ತವೆ. ಈ ಸೀಮೆಯಲ್ಲೇ ನಂದಗುಡಿ. ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದು. 2006–07ರ ಹೊತ್ತಿಗೆ ಇಲ್ಲಿ 12 ಸಾವಿರ ಎಕರೆಗೂ ಮಿಕ್ಕಿ ಜಮೀನಿನಲ್ಲಿ ವಿಶೇಷ ಆರ್ಥಿಕ ವಲಯ ಮಾಡುವ ಪ್ರಸ್ತಾವ ಬಂದಾಗ ರೈತರು ಬೀದಿಗಿಳಿದಿದ್ದರು. ಊರಿನ ಹೆಸರು ಪತ್ರಿಕೆಗಳಲ್ಲಿ ಓಡಾಡಿದ್ದು ಆಗಲೇ. ವಲಯ ಬರಲಿಲ್ಲ, ಹೊಲಗಳು ಉಳಿದವು.

ನಾನು ಹೋದದ್ದು ಬೇರೆ ಕೆಲಸಕ್ಕೆ. ಈ ಹೋಬಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವ ಮೇಡಂ ಒಬ್ಬರು ಗ್ರಂಥಾಲಯದ ಉಸ್ತುವಾರಿಯನ್ನೂ ಹೊತ್ತಿದ್ದಾರೆ. ತರಗತಿಗೆ, ಓದಿಗೆ ಇಂಟರ್ನೆಟ್‌ನಲ್ಲಿ ಏನು ದಕ್ಕುತ್ತದೆ ಎಂದು ಒಂದೊಂದನ್ನೇ ಜಾಲಾಡುತ್ತಿದ್ದಾರೆ. ಹೆಸರು ಹಾಕಬೇಡಿ ಅಂದರು; ಹಾಕಿಲ್ಲ.

‘ಬನ್ನಿ ಸಾರ್, ಮಾತು ಆಮೇಲೆ. ಮೊದಲು ಏಳನೇ ಕ್ಲಾಸ್ ನೋಡಿ’ ಎಂದು ಕರೆದೊಯ್ದರು. ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್, ಸುಣ್ಣದ ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು. ವಿದ್ಯುತ್ ಮಂಡಲದ ಪಾಠ. ಪರದೆಯಲ್ಲಿದ್ದದ್ದು ‘ಫೆಟ್’. ನೊಬೆಲ್ ವಿಜೇತ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ, ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳ ಭಂಡಾರ ಅದು. ಪೂರ್ತಿ ಉಚಿತ. ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ತೆರೆದುಕೊಳ್ಳುತ್ತವೆ.

ಒಬ್ಬ ಹುಡುಗ ಬ್ಯಾಟರಿಯ ಎರಡೂ ತುದಿಗೆ ತಂತಿಯನ್ನು ಸೀದಾ ಸೇರಿಸಿದ. ಪರದೆಯ ಮೇಲೆ ಭಗ್ಗನೆ ಬೆಂಕಿ.

‘ಮಿಸ್, ಬೆಂಕಿ!’

‘ಯಾಕೋ ಹತ್ಕೊಳ್ತು?’

‘ಮಧ್ಯ ಬಲ್ಬ್ ಇಲ್ಲ ಮಿಸ್. ವೈರ್ ಸೀದಾ ಕೊಟ್ಬಿಟ್ಟೆ.’

ಶಾರ್ಟ್ ಸರ್ಕ್ಯೂಟ್ ಎಂಬುದು ಆ ತರಗತಿಗೆ ತಿಳಿದದ್ದು ಹೀಗೆ. ಮೇಡಂ ಅಲ್ಲಿಗೇ ಬಿಡಲಿಲ್ಲ. ಮೇಜಿನ ಖಾನೆಯಿಂದ ಟಾರ್ಚ್ ಸೆಲ್, ಪುಟ್ಟ ಬಲ್ಬ್, ತಂತಿ ತೆಗೆದು ಹುಡುಗಿಯರ ಗುಂಪಿಗೆ ಕೊಟ್ಟರು. ಬಲ್ಬ್ ಹತ್ತಲಿಲ್ಲ. ತಂತಿಯ ತುದಿಯ ಪ್ಲಾಸ್ಟಿಕ್ ಸುಲಿದಿರಲಿಲ್ಲ. ‘ಕಂಪ್ಯೂಟರ್‌ನಲ್ಲಿ ಪ್ಲಾಸ್ಟಿಕ್ ಸುಲಿಯೋ ಕೆಲಸ ಇಲ್ಲ ನೋಡಿ. ಅದಕ್ಕೇ ಎರಡೂ ಬೇಕು’ ಎಂದರು.

ಪಠ್ಯಪುಸ್ತಕದ ಪುಟಗಳಲ್ಲಿ ಕ್ಯುಆರ್ ಕೋಡ್‌ಗಳಿವೆ. ಕೇಂದ್ರ ಸರ್ಕಾರ 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನವೇ, ಚಾಲನೆ ಕೊಟ್ಟ ‘ದೀಕ್ಷಾ’ ಎಂಬ ಡಿಜಿಟಲ್ ಕಲಿಕಾ ತಾಣದ ಬಾಗಿಲು ಅವು. ಫೋನ್ ಹಿಡಿದರೆ ಆ ಪಾಠದ ವಿಡಿಯೊ, ಅಭ್ಯಾಸ ಬರುತ್ತವೆ. ಮಗುವಿನಿಂದ ಮಗುವಿಗೆ ಕೈ ಬದಲಾದ ಪುಸ್ತಕದಲ್ಲಿ ಕೋಡ್ ಮಾಸಿಹೋಗಿದ್ದರೆ, ಅದರ ಜೊತೆ ಅಚ್ಚಾಗಿರುವ ಆರು ಅಕ್ಷರ-ಅಂಕಿಗಳನ್ನು ಆ್ಯಪ್‌ನಲ್ಲಿ ಒತ್ತಿದರೂ ಸಾಕು. ಇದು ಗೊತ್ತಿಲ್ಲದೆ ‘ಸ್ಕ್ಯಾನ್ ಆಗ್ತಿಲ್ಲ’ ಎಂದು ಕೈಬಿಟ್ಟವರು ಎಷ್ಟೋ ಜನ. ವಿಡಿಯೊ ಎಲ್ಲವೂ ಚೆನ್ನಾಗಿಲ್ಲ, ಕೆಲವು ಪಾಠವನ್ನೇ ಓದಿ ಒಪ್ಪಿಸುತ್ತವೆ ಎನ್ನುವುದು ಮೇಡಂ ತಕರಾರು. ಹಿಂದಿನ ರಾತ್ರಿ ಮನೆಯಲ್ಲಿ ನೋಡಿ, ಬೇಕಾದದ್ದನ್ನು ಮಾತ್ರ ಇಳಿಸಿಕೊಂಡು ತರುತ್ತಾರೆ.

ಯಾವುದೇ ಆ್ಯಪ್ ಸಿಕ್ಕಿದರೂ ಅವರದು ಮೂರು ಪ್ರಶ್ನೆ. ಕನ್ನಡದಲ್ಲಿ ಇದೆಯಾ? ನೆಟ್ ಹೋದರೂ ನಡೆಯುತ್ತಾ? ಮಕ್ಕಳ ಹೆಸರು, ಫೋನ್ ನಂಬರ್ ಕೇಳುತ್ತಾ? ಮೂರನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೆ ಆ ಆ್ಯಪ್ ಬಂದ್. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ಮೇಷ್ಟ್ರೂ ಕೇಳಬೇಕು.

ಪಕ್ಕದ್ದು ನಲಿಕಲಿ ಕೋಣೆ, ಕಿರಿಯ ತರಗತಿಗಳ ಮಕ್ಕಳು ಆಡುತ್ತ ಕಲಿಯುವ ಜಾಗ. ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ಪುಟ್ಟ ಪುಸ್ತಕಗಳು, ಸ್ಟೇಪ್ಲರ್ ಪಿನ್ ಹೊಡೆದ ಜೆರಾಕ್ಸ್ ಪ್ರತಿಗಳು. ಎಲ್ಲವೂ ‘ಸ್ಟೋರಿವೀವರ್’ನವು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ಅಂತರರಾಷ್ಟ್ರೀಯ ಸಾಕ್ಷರತಾ ದಿನಕ್ಕೆ ತೆರೆದ ಕಥೆಗಳ ಕಣಜ ಇದು. ಓದುವ ಶಕ್ತಿಗೆ ತಕ್ಕಂತೆ ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು, ನಾವೇ ಅನುವಾದ ಮಾಡಿ ಸೇರಿಸಲೂಬಹುದು; ಮೂಲ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿದರೆ ಆಯಿತು.

ಈ ಸೀಮೆಗೆ ಇದು ಹೇಳಿ ಮಾಡಿಸಿದಂತಿದೆ. ಇಲ್ಲಿ ಮನೆಮಾತು ತೆಲುಗಾದವರು ಬಹಳ, ಉರ್ದು ಮನೆಗಳೂ ಇವೆ. ಒಂದೇ ಕಥೆ, ಅದೇ ಚಿತ್ರ, ಮೂರು ಭಾಷೆಯ ಪ್ರತಿ. ಕನ್ನಡದ್ದನ್ನು ತಡವರಿಸಿ ಓದಿದ ಹುಡುಗಿ ತೆಲುಗು ಪ್ರತಿಯನ್ನು ಅಜ್ಜಿಗೆ ತೋರಿಸಲೆಂದು ಚೀಲಕ್ಕೆ ಹಾಕಿಕೊಂಡಳು. ‘ನಮ್ಮಜ್ಜಿಗೆ ತೆಲುಗು ಓದಕ್ಕೆ ಬರುತ್ತೆ ಮಿಸ್’ ಅಂದ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

ಇನ್ನು ಗ್ರಂಥಾಲಯ. ಮುಖ್ಯ ಶಿಕ್ಷಕರ ಕೋಣೆಯ ಮೂಲೆಯಲ್ಲಿ ಎರಡು ಕಬ್ಬಿಣದ ಬೀರು. ಬಹುತೇಕ ಸರ್ಕಾರಿ ಶಾಲೆಗಳ ಕಥೆ ಇದೇ: ಗ್ರಂಥಪಾಲಕರ ಹುದ್ದೆ ಇಲ್ಲ, ಬೀಗದ ಕೈ ಯಾರೋ ಒಬ್ಬ ಮೇಷ್ಟ್ರ ಹತ್ತಿರ. ಮೇಡಂ ಮೊದಲು ಪುಸ್ತಕದ ಹಿಂಬದಿಯ ಬಾರ್‌ಕೋಡ್ ಸ್ಕ್ಯಾನ್ ಮಾಡುವ ಆ್ಯಪ್ ನೋಡಿದರಂತೆ. ಇಂಗ್ಲಿಷ್ ಪುಸ್ತಕಗಳ ವಿವರ ಟಕ್ಕನೆ ಬಂತು. ಕನ್ನಡದ್ದಕ್ಕೆ ಮಾತ್ರ ಬರೀ ಖಾಲಿ ಪುಟ. ಹಳೆಯ ಪುಸ್ತಕಗಳಿಗಂತೂ ಬಾರ್‌ಕೋಡೇ ಇಲ್ಲ. ಆ ದಾರಿ ಬಿಟ್ಟು ಗೂಗಲ್ ಶೀಟ್ಸ್‌ನಲ್ಲಿ ಸಾದಾ ಪಟ್ಟಿ ಮಾಡಿದರು: ನಂಬರ್, ಹೆಸರು, ಲೇಖಕರು, ಯಾವ ಬೀರು, ಯಾರ ಹತ್ತಿರ ಇದೆ, ಯಾವಾಗ ಕೊಟ್ಟದ್ದು. ಟೈಪ್ ಮಾಡುವ ಗೋಜಿಲ್ಲ. ಫೋನಿನಲ್ಲಿ ಕನ್ನಡದಲ್ಲೇ ಹೇಳುತ್ತಾ ಹೋದರೆ ಅಕ್ಷರ ಮೂಡುತ್ತದೆ, ತಪ್ಪಿದ್ದನ್ನು ತಿದ್ದುವುದು ಆರು-ಏಳನೇ ಕ್ಲಾಸಿನವರ ಕೆಲಸ.

ಪಟ್ಟಿ ಬಂದ ಮೇಲೆ ಬೀರುವಿನ ಗುಟ್ಟು ಹೊರಬಿತ್ತು. ಹಾವುಗಳ ಪುಸ್ತಕ ಮನೆಯಿಂದ ಮನೆಗೆ ಓಡಾಡುತ್ತಲೇ ಇದೆ. ಮಹಾಪುರುಷರ ಚರಿತ್ರೆಯ ದಪ್ಪ ಸಂಪುಟಗಳು ಜಾಗ ಬಿಟ್ಟು ಕದಲಿಲ್ಲ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಡಿ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಆ ದುಡ್ಡಲ್ಲಿ ಏನು ಕೊಳ್ಳಬೇಕು ಎಂಬುದಕ್ಕೆ ಈಗ ಮಕ್ಕಳ ಓದೇ ಆಧಾರ.

ಎಂಟನೇ ಕ್ಲಾಸಿಗೆ ಊರಿನ ಇತಿಹಾಸದ ಪ್ರಾಜೆಕ್ಟ್. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಪೂರ್ತಿ ಸಿಗುತ್ತದೆ. ನಂದಗುಡಿಗೂ ನವನಂದರೆಂಬ ನಂದ ವಂಶದ ಅರಸರಿಗೂ ನಂಟು ಹೇಳುವ ಐತಿಹ್ಯ ಅದರಲ್ಲಿದೆ. ಪುಸ್ತಕದೊಳಗೇ ಊರಿನ ಹೆಸರು ಕೊಟ್ಟು ಹುಡುಕಿದರೆ ಆ ಪುಟ ಎದುರಿಗೆ. ಇಂಗ್ಲಿಷ್ ಪದ ಅಡ್ಡ ಬಂದರೆ ನಿಘಂಟು, ಹಿನ್ನೆಲೆ ಬೇಕಾದರೆ ಕನ್ನಡ ವಿಕಿಪೀಡಿಯ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಗೆ ಕೊಟ್ಟದ್ದರಿಂದ ಅದೂ ಒದಗುತ್ತದೆ. ಐತಿಹ್ಯ ಬೇರೆ, ಶಾಸನದ ಸಾಕ್ಷ್ಯ ಬೇರೆ ಎಂಬ ಪಾಠವನ್ನು ಮೇಡಂ ಇಲ್ಲೇ ಸೇರಿಸುತ್ತಾರೆ. ಊರಿನ ಹಿರಿಯರನ್ನು ಕೇಳಿ ಬರೆದುಕೊಂಡು ಬರದಿದ್ದರೆ ಮಾರ್ಕ್ಸ್ ಇಲ್ಲ.

ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಫೋನ್ ಇಲ್ಲದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವೇ ಗತಿ. ರಾಜ್ಯದ ಈ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗಿನ ಹೆಸರು ಅರಿವು ಕೇಂದ್ರ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಶಾಲೆಯಲ್ಲಿ ಸಿಗದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಮಕ್ಕಳನ್ನು ಅಲ್ಲಿಗೆ ಕಳಿಸುವುದು ಮೇಡಂ ಪದ್ಧತಿ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಸಲಕರಣೆಗೆ ಬರ ಇಲ್ಲ. ಮೇಲೆ ಹೇಳಿದವುಗಳಲ್ಲಿ ಯಾವುದಕ್ಕೂ ಚಂದಾ ಕಟ್ಟಬೇಕಿಲ್ಲ. ಬರ ಇರುವುದು ಅವನ್ನು ನೋಡಿ, ಆರಿಸಿ, ಮಕ್ಕಳ ಕೈಗೆ ಮುಟ್ಟಿಸುವವರ ಸಮಯಕ್ಕೆ. ಮೇಡಂ ಈ ಕೆಲಸವನ್ನೆಲ್ಲ ಮಾಡುತ್ತಿರುವುದು ಊಟದ ಬಿಡುವಿನಲ್ಲಿ ಮತ್ತು ರಾತ್ರಿ ಮನೆಯಲ್ಲಿ. ಗ್ರಂಥಪಾಲಕರನ್ನು ಕೊಡುವುದು ಸದ್ಯಕ್ಕೆ ಆಗದ ಮಾತಾದರೆ, ಉಸ್ತುವಾರಿ ಶಿಕ್ಷಕರ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್ ಗ್ರಂಥಾಲಯಕ್ಕೆಂದೇ ಬಿಟ್ಟುಕೊಡಲಿ. ಇಲಾಖೆಯವರೂ ಶಾಲಾಭಿವೃದ್ಧಿ ಸಮಿತಿಯವರೂ (ಎಸ್‌ಡಿಎಂಸಿ) ಮನಸ್ಸು ಮಾಡಿದರೆ ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.